ಭಯೋತ್ಪಾದನೆ: ಅರ್ಥ, ಕಾರಣ ಮತ್ತು ಪೇಟೆಯ ಪಾಲು

ಭಯೋತ್ಪಾದನೆ ಎಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುದು 2001ರ ಸೆಪ್ಟೆಂಬರ್ 11ರ ನ್ಯೂಯಾರ್ಕ್, 2008ರ ನವೆಂಬರ್ 26ರ ಮುಂಬಯಿ. ಮಂಡ್ಯ, ಮದ್ದೂರು, ಮಳವಳ್ಳಿಯ ವರ್ತಕರಿಗೆ ಅದು ದೂರದ ಸಂಗತಿಯೆನಿಸುವುದು ಸಹಜ. ಆದರೆ ಮಳವಳ್ಳಿಯಿಂದ ಹೊರಟು ಕಾವೇರಿಯನ್ನು ದಾಟಿದರೆ ಕೊಳ್ಳೇಗಾಲ. ಅಲ್ಲಿಂದ ಮುಂದೆ ಮಲೆ ಮಹದೇಶ್ವರ ಬೆಟ್ಟದ ಕಾಡು. 2004ರ ಅಕ್ಟೋಬರ್ 18ರಂದು ಪೊಲೀಸರ ಗುಂಡಿಗೆ ಬಲಿಯಾಗುವವರೆಗೆ ವೀರಪ್ಪನ್ ಎರಡು ರಾಜ್ಯಗಳ ಸರ್ಕಾರಗಳನ್ನು ಆಟವಾಡಿಸಿದ್ದು ಇದೇ ಕಾಡಿನಿಂದ. ಆದುದರಿಂದ ಭಯೋತ್ಪಾದನೆ ಎಂದರೇನು, ಅದು ಹೇಗೆ ಹುಟ್ಟುತ್ತದೆ, ಅದರ ಬೆಲೆಯನ್ನು ತೆರುವವರು ಯಾರು ಎಂಬುದನ್ನು ಅರಿಯಲು ನಾವು ಪರದೇಶಕ್ಕೆ ಹೋಗಬೇಕಾಗಿಲ್ಲ.

ಅರ್ಥನಿರೂಪಣೆಯ ತೊಡಕು

ಭಯೋತ್ಪಾದನೆಗೆ ಎಲ್ಲ ದೇಶಗಳೂ ಒಪ್ಪಿದ ಒಂದೇ ವ್ಯಾಖ್ಯೆ ಇಂದಿಗೂ ಇಲ್ಲ. ಸಮಗ್ರ ಒಪ್ಪಂದವೊಂದರ ಕರಡನ್ನು ಭಾರತವು 1996ರಲ್ಲಿಯೇ ವಿಶ್ವಸಂಸ್ಥೆಯ ಮುಂದಿಟ್ಟಿತು. ವಿಮೋಚನಾ ಹೋರಾಟಗಳನ್ನು ಇದರಲ್ಲಿ ಸೇರಿಸಬೇಕೆ, ಸರ್ಕಾರಿ ಸೇನೆಗಳ ಕೃತ್ಯಗಳನ್ನು ಹೇಗೆ ಪರಿಗಣಿಸಬೇಕು ಎಂಬ ವಿವಾದದಲ್ಲಿ ಆ ಕರಡು ಸಿಲುಕಿಕೊಂಡಿತು.

ನಮ್ಮ ದೇಶದ ಕಾನೂನಿನಲ್ಲಿ ವ್ಯಾಖ್ಯೆ ಇದೆ. 1987ರ ಟಾಡಾ ಕಾಯಿದೆ 1995ರಲ್ಲಿ ಅವಧಿ ಮುಗಿದು ಅಂತ್ಯಗೊಂಡಿತು. 2002ರ ಪೋಟಾ 2004ರಲ್ಲಿ ರದ್ದಾಯಿತು. ಈಗ ಜಾರಿಯಲ್ಲಿರುವುದು ಕಾನೂನುಬಾಹಿರ ಚಟುವಟಿಕೆಗಳ (ತಡೆ) ಕಾಯಿದೆಯ 15ನೇ ಕಲಂ ಹಾಗೂ 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 113ನೇ ಕಲಂ. ದೇಶದ ಏಕತೆ ಮತ್ತು ಭದ್ರತೆಯ ಜೊತೆಗೆ ‘ಆರ್ಥಿಕ ಭದ್ರತೆ’ಯೂ ಈ ವ್ಯಾಖ್ಯೆಯೊಳಗೆ ಬಂದಿದೆ. ಅಸಲಿಯಂತೆಯೇ ಕಾಣುವ ಖೋಟಾ ನೋಟುಗಳ ಚಲಾವಣೆಯೂ ಇದರ ವ್ಯಾಪ್ತಿಗೆ ಸೇರಿದೆ. ವರ್ತಕರು ಇದನ್ನು ವಿಶೇಷವಾಗಿ ಗಮನಿಸಬೇಕು.

ಸಾಮಾನ್ಯ ಅಪರಾಧಕ್ಕೂ ಭಯೋತ್ಪಾದನೆಗೂ ಇರುವ ಭೇದವನ್ನು ಸುಪ್ರೀಂ ಕೋರ್ಟ್ 1994ರ ಹಿತೇಂದ್ರ ವಿಷ್ಣು ಠಾಕೂರ್ ಪ್ರಕರಣದಲ್ಲಿ ವಿವರಿಸಿದೆ. ಅದರ ಸಾರವಿಷ್ಟು: ಕೃತ್ಯದ ಪರಿಣಾಮವು ಪೆಟ್ಟು ತಿಂದವನಲ್ಲಿಗೇ ನಿಲ್ಲದೆ ಸಮಾಜದ ಮನಸ್ಸಿನವರೆಗೆ ಚಾಚಬೇಕು, ಬೆದರಿಕೆಯೇ ಅದರ ಉದ್ದೇಶವಾಗಿರಬೇಕು. ಕೊಲೆಗಾರನ ಗುರಿ ಸತ್ತವನು. ಭಯೋತ್ಪಾದಕನ ಗುರಿ ಬದುಕುಳಿದು ನೋಡುತ್ತಿರುವವರು.

ಈ ಅಳತೆಗೋಲನ್ನು ವೀರಪ್ಪನ್‌ಗೆ ಹಿಡಿದು ನೋಡೋಣ. ಆನೆಯ ದಂತ, ಗಂಧದ ಮರ ಕದ್ದು ಸಾಗಿಸಿದಾಗ ಆತ ಕಳ್ಳಸಾಗಣೆದಾರ. 1992ರಲ್ಲಿ ಮೀಣ್ಯದ ಬಳಿ ಪೊಲೀಸ್ ಅಧಿಕಾರಿಗಳನ್ನು ಹೊಂಚು ಹಾಕಿ ಕೊಂದ ಮೇಲೆ, 1993ರ ಏಪ್ರಿಲ್ 9ರಂದು ಪಾಲಾರ್ ಬಳಿ ನೆಲಬಾಂಬಿಗೆ 22 ಮಂದಿ ಬಲಿಯಾದ ಮೇಲೆ, ಪ್ರಕರಣಗಳು ಟಾಡಾ ಕಾಯಿದೆಯಡಿ ದಾಖಲಾದವು. 2000ದ ಜುಲೈ 30ರಂದು ಗಾಜನೂರಿನಿಂದ ಡಾ. ರಾಜ್‌ಕುಮಾರ್ ಅವರನ್ನು ಅಪಹರಿಸಿದಾಗ ಆತ ಮುಂದಿಟ್ಟ ಬೇಡಿಕೆಗಳಲ್ಲಿ ಕಾವೇರಿ ನೀರು, ತಮಿಳು ಭಾಷೆಯ ಸ್ಥಾನಮಾನ, ತಿರುವಳ್ಳುವರ್ ಪ್ರತಿಮೆಯ ಅನಾವರಣ, ಟಾಡಾ ಬಂದಿಗಳ ಬಿಡುಗಡೆ ಸೇರಿದ್ದವು. ದಂತಚೋರನ ಬಾಯಲ್ಲಿ ಕಾವೇರಿಯ ಮಾತು! ಸುಲಿಗೆಯು ಸರ್ಕಾರದ ಕೈ ತಿರುಚುವ ಸಾಧನವಾದ ಘಟ್ಟ ಇದು. ಟಾಡಾ ಆರೋಪಗಳನ್ನು ಹಿಂತೆಗೆದುಕೊಳ್ಳಲು ರಾಜ್ಯ ಸರ್ಕಾರ ಮುಂದಾದಾಗ, ಹತರಾದ ಸಬ್‌ಇನ್ಸ್‌ಪೆಕ್ಟರೊಬ್ಬರ ತಂದೆ ಸುಪ್ರೀಂ ಕೋರ್ಟಿನ ಮೊರೆ ಹೊಕ್ಕರು. ನ್ಯಾಯಾಲಯವು 2000ದ ನವೆಂಬರ್ 7ರಂದು ಆ ಕ್ರಮವನ್ನು ತಳ್ಳಿಹಾಕಿತು. ರಾಜ್‌ಕುಮಾರ್ ಅವರ ಬಿಡುಗಡೆಯಾದದ್ದು ನವೆಂಬರ್ 15ರಂದು, 108 ದಿನಗಳ ನಂತರ. ಕಾಮಗೆರೆಯಿಂದ 2002ರ ಆಗಸ್ಟ್‌ನಲ್ಲಿ ಅಪಹೃತರಾದ ಮಾಜಿ ಸಚಿವ ಎಚ್. ನಾಗಪ್ಪನವರು ಜೀವಂತವಾಗಿ ಮರಳಲಿಲ್ಲ.

ವ್ಯಾಖ್ಯೆಗೂ ವಿಮೆಗೂ ಇರುವ ನಂಟು

ಈ ಚರ್ಚೆ ವಕೀಲರಿಗೆ ಬಿಟ್ಟದ್ದು ಎಂದು ನಾವು ಸುಮ್ಮನಿರುವಂತಿಲ್ಲ. ಕೃತ್ಯಕ್ಕೆ ಯಾವ ಹೆಸರು ಎಂಬುದರ ಮೇಲೆ ನಷ್ಟವನ್ನು ತುಂಬಿಕೊಡುವವರು ಯಾರು ಎಂಬುದು ನಿರ್ಧಾರವಾಗುತ್ತದೆ.

2001ರ ಸೆಪ್ಟೆಂಬರ್ ದಾಳಿಯ ನಂತರ ಅಂತಾರಾಷ್ಟ್ರೀಯ ಮರುವಿಮಾ ಕಂಪನಿಗಳು ಭಯೋತ್ಪಾದನೆಯ ಹೊಣೆಯಿಂದ ಹಿಂದೆ ಸರಿದವು. ಆಗ ನಮ್ಮ ಸಾಮಾನ್ಯ ವಿಮಾ ಕಂಪನಿಗಳು ಒಟ್ಟುಗೂಡಿ 2002ರ ಏಪ್ರಿಲ್‌ನಲ್ಲಿ ಪ್ರತ್ಯೇಕ ಸಾಮೂಹಿಕ ನಿಧಿಯೊಂದನ್ನು ರಚಿಸಿಕೊಂಡವು. ಅದರ ನಿರ್ವಹಣೆ ಜನರಲ್ ಇನ್ಶೂರೆನ್ಸ್ ಕಾರ್ಪೊರೇಷನ್ನಿನದು. ಈ ರಕ್ಷಣೆಯ ಷರತ್ತಿನಲ್ಲಿ ರಾಜಕೀಯ, ಧಾರ್ಮಿಕ ಅಥವಾ ಸೈದ್ಧಾಂತಿಕ ಉದ್ದೇಶವೇ ಮುಖ್ಯ. ಕಾವೇರಿ ವಿವಾದದ ವೇಳೆ 2016ರ ಸೆಪ್ಟೆಂಬರ್ 12ರಂದು ಬೆಂಗಳೂರಿನಲ್ಲಿ ಬಸ್ಸುಗಳಿಗೆ ಬೆಂಕಿ ಬಿದ್ದಿತು. ಇಂತಹ ಗಲಭೆ ವಿಮೆಯ ಭಾಷೆಯಲ್ಲಿ ಒಂದು ಬಾಬು, ಭಯೋತ್ಪಾದನೆ ಇನ್ನೊಂದು ಬಾಬು. ಮೊದಲನೆಯದಕ್ಕೆ ಪಾಲಿಸಿ ಇದ್ದ ಮಾತ್ರಕ್ಕೆ ಎರಡನೆಯದಕ್ಕೂ ಇದೆಯೆಂದು ಭಾವಿಸಲಾಗದು.

ಮತ್ತೊಂದು ಸೂಕ್ಷ್ಮ ಸಂಗತಿಯಿದೆ. ಗೋದಾಮು ಸುಟ್ಟರೆ ವಿಮೆ ಇರಬಹುದು. ಗೋದಾಮಿಗೆ ಏನೂ ಆಗದೆ ಬರಿದೆ ಬಾಗಿಲು ಮುಚ್ಚಬೇಕಾಗಿ ಬಂದರೆ ಸಾಮಾನ್ಯ ಪಾಲಿಸಿಯಲ್ಲಿ ಪರಿಹಾರವಿಲ್ಲ. ರಾಜ್‌ಕುಮಾರ್ ಅಪಹರಣದ ಸುದ್ದಿ ಹರಡಿದೊಡನೆ ಬೆಂಗಳೂರಿನ ಅಂಗಡಿ ಮುಂಗಟ್ಟುಗಳು ಬಾಗಿಲೆಳೆದವು, ಚಿತ್ರೋದ್ಯಮ ಸ್ತಬ್ಧವಾಯಿತು. ಹೆದ್ದಾರಿ ಬಂದಾದರೆ ಮದ್ದೂರಿನ ಎಳನೀರು, ಮಂಡ್ಯದ ಬೆಲ್ಲ ಲಾರಿಯಲ್ಲೇ ನಿಲ್ಲುತ್ತವೆ. ಈ ನಷ್ಟಕ್ಕೆ ಯಾವ ನಿಧಿಯೂ ಇಲ್ಲ. ಅದು ವರ್ತಕನ ಬಂಡವಾಳದಿಂದಲೇ ಕಳೆಯುತ್ತದೆ.

ಕಾರಣಗಳು

ಬಡತನವೇ ಭಯೋತ್ಪಾದನೆಯ ಮೂಲ ಎಂಬ ಮಾತು ಅರ್ಧಸತ್ಯ. ಬಡವರೆಲ್ಲ ಬಂದೂಕು ಹಿಡಿಯುವುದಿಲ್ಲ. ನ್ಯೂಯಾರ್ಕಿನ ಮೇಲೆ ವಿಮಾನ ನುಗ್ಗಿಸಿದವರಲ್ಲಿ ಸುಶಿಕ್ಷಿತರಿದ್ದರು. ಅಸಮಾಧಾನ, ಅದಕ್ಕೆ ಹಿಂಸೆಯೇ ಮದ್ದೆಂದು ಬೋಧಿಸುವ ಸಿದ್ಧಾಂತ, ಸಂಘಟನೆ ಮತ್ತು ಹಣ, ಈ ನಾಲ್ಕೂ ಕೂಡಿದಾಗ ಕೃತ್ಯ ಘಟಿಸುತ್ತದೆ. ಮೊದಲ ಮೂರನ್ನು ಸರ್ಕಾರವೂ ಸಮಾಜವೂ ನೋಡಿಕೊಳ್ಳಬೇಕು. ನಾಲ್ಕನೆಯದರಲ್ಲಿ ಪೇಟೆಯ ಪಾಲಿದೆ.

ಗಂಧದ ಮರ ಕಡಿದವನು ಕಾಡಿನಲ್ಲಿದ್ದ. ಅದನ್ನು ಕೊಂಡವನು ಪೇಟೆಯಲ್ಲಿದ್ದ. ದಂತಕ್ಕೆ ಗಿರಾಕಿಯಿಲ್ಲದಿದ್ದರೆ ಆನೆ ಸಾಯುತ್ತಿರಲಿಲ್ಲ, ಆ ಹಣದಿಂದ ಬಂದೂಕೂ ಬರುತ್ತಿರಲಿಲ್ಲ. ಗ್ರಾನೈಟ್ ಕ್ವಾರಿಗಳ ಮಾಲೀಕರು ಜೀವಭಯದಿಂದ ತೆತ್ತ ಹಣ ಮತ್ತಷ್ಟು ಭಯಕ್ಕೆ ಬಂಡವಾಳವಾಯಿತು. ಇಂದು ಮಾರ್ಗಗಳು ಬದಲಾಗಿವೆ. 2022ರ ನವೆಂಬರ್ 19ರ ಮಂಗಳೂರು ಕುಕ್ಕರ್ ಸ್ಫೋಟದ ಆರೋಪಿ ಅನ್ಯರ ಆಧಾರ್ ತೋರಿಸಿ ಮೈಸೂರಿನಲ್ಲಿ ಬಾಡಿಗೆ ಕೊಠಡಿ ಹಿಡಿದಿದ್ದ. 2024ರ ಮಾರ್ಚ್ 1ರ ರಾಮೇಶ್ವರಂ ಕೆಫೆ ಸ್ಫೋಟದ ಆರೋಪಿಗಳು ವಂಚನೆಯಿಂದ ಪಡೆದ ಸಿಮ್ ಮತ್ತು ಬ್ಯಾಂಕ್ ಖಾತೆಗಳನ್ನು ಬಳಸಿದರು, ಹಣವನ್ನು ಕ್ರಿಪ್ಟೊ ಕರೆನ್ಸಿಯ ಮೂಲಕ ಪಡೆದರು ಎಂದು ರಾಷ್ಟ್ರೀಯ ತನಿಖಾ ದಳವು ದೋಷಾರೋಪಪಟ್ಟಿಯಲ್ಲಿ ಹೇಳಿದೆ. ಬಾಡಿಗೆ, ಸಿಮ್, ಬ್ಯಾಂಕ್ ಖಾತೆ ಎಲ್ಲವೂ ನಮ್ಮಂಥವರ ವ್ಯವಹಾರಗಳೇ.

ಪರಿಣಾಮಗಳು

ಪ್ರಾಣಹಾನಿಗೆ ಲೆಕ್ಕವಿಲ್ಲ. ಆಸ್ತಿಯ ನಷ್ಟಕ್ಕೆ ಲೆಕ್ಕವಿದೆ. ಇವೆರಡರ ನಡುವೆ, ಯಾವ ಬ್ಯಾಲೆನ್ಸ್ ಶೀಟಿನಲ್ಲಿಯೂ ಕಾಣದ ನಂಬಿಕೆಯೆಂಬ ಆಸ್ತಿಯೊಂದಿದೆ. ನಮ್ಮ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ ವರ್ಷವರ್ಷವೂ ಕೊಕ್ಕರೆ, ಹೆಜ್ಜಾರ್ಲೆಗಳು ಬಂದು ಮನೆಗಳ ನಡುವಿನ ಹುಣಸೆ ಮರಗಳಲ್ಲೇ ಗೂಡು ಕಟ್ಟುವುದು ಊರಿನವರು ಕೇಡೆಣಿಸುವುದಿಲ್ಲ ಎಂಬ ಅನುಭವದಿಂದ. ಸಾಲ ಕೊಡುವ ಮಂಡಿಯವನು, ಮುಂಗಡ ಕಳಿಸುವ ಪರಊರಿನ ಗಿರಾಕಿ ಇಬ್ಬರೂ ಇಂತಹುದೇ ಅನುಭವದ ಮೇಲೆ ನಿಂತಿದ್ದಾರೆ. ಭಯೋತ್ಪಾದಕ ಒಡೆಯಬಯಸುವುದು ಇದನ್ನೇ.

ಹಾಗೆಂದು ಭಯಕ್ಕೆ ಉತ್ತರವಾಗಿ ನಿರಪರಾಧಿಗಳನ್ನು ತುಳಿಯುವುದೂ ತರವಲ್ಲ. ವೀರಪ್ಪನ್ ಶೋಧದ ಕಾಲದಲ್ಲಿ ಟಾಡಾ ಅಡಿಯಲ್ಲಿ ಬಂಧಿತರಾಗಿ ವರ್ಷಗಟ್ಟಲೆ ಮೈಸೂರು ಜೈಲಿನಲ್ಲಿದ್ದ ಗ್ರಾಮಸ್ಥರಲ್ಲಿ ಹೆಚ್ಚಿನವರು 2001ರಲ್ಲಿ ಖುಲಾಸೆಯಾದರು. ಕಾರ್ಯಪಡೆಯ ದೌರ್ಜನ್ಯದ ದೂರುಗಳನ್ನು ವಿಚಾರಿಸಲು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು ನ್ಯಾಯಮೂರ್ತಿ ಸದಾಶಿವ ಅವರ ನೇತೃತ್ವದ ಸಮಿತಿಯನ್ನು ನೇಮಿಸಬೇಕಾಯಿತು. ಒಂದು ಸ್ಫೋಟದ ನಂತರ ನೆರೆಯ ಅಂಗಡಿಯವನ ಧರ್ಮ ನೋಡಿ ವ್ಯಾಪಾರ ಬಿಡುವವನು, ಸ್ಫೋಟಿಸಿದವನ ಕೆಲಸವನ್ನು ತಾನೇ ಪೂರೈಸಿದಂತಾಗುತ್ತದೆ.

ನಮ್ಮ ಕರ್ತವ್ಯ

ಸದಸ್ಯರು ಮೊದಲು ತಮ್ಮ ಪಾಲಿಸಿಯನ್ನು ತೆಗೆದು, ಭಯೋತ್ಪಾದನೆಯ ರಕ್ಷಣೆ ಅದರಲ್ಲಿದೆಯೇ ಎಂದು ಓದಿ ನೋಡುವುದು ಒಳಿತು. ಅಂಗಡಿ, ಮನೆ ಬಾಡಿಗೆಗೆ ಕೊಡುವಾಗ, ಹಳೆಯ ವಾಹನ ಮಾರುವಾಗ ಮೂಲ ದಾಖಲೆಯನ್ನು ಮುಖದೊಂದಿಗೆ ತಾಳೆ ನೋಡಬೇಕು. ವಾಹನದ ಹೆಸರು ಬದಲಾವಣೆ ಆಗುವವರೆಗೆ ಬೆನ್ನು ಬಿಡಬಾರದು. ಅಮೋನಿಯಂ ನೈಟ್ರೇಟ್ ದಾಸ್ತಾನು ಮತ್ತು ಮಾರಾಟಕ್ಕೆ 2012ರ ನಿಯಮಗಳಂತೆ ಪರವಾನಗಿ ಅಗತ್ಯ. ಬಿಲ್ಲಿಲ್ಲದ ಮಾಲು ಅಗ್ಗವೆಂದು ಕೊಳ್ಳುವಾಗ ಅದು ಬಂದ ದಾರಿಯನ್ನು ಕೇಳಬೇಕು. ವಂತಿಗೆ ಯಾವ ಹೆಸರಿನಲ್ಲಿ ಬಂದರೂ ರಸೀದಿ ಕೇಳಬೇಕು. ಭಯೋತ್ಪಾದನೆಗೆಂದು ತಿಳಿದು ಕೊಟ್ಟ ಹಣ ನ್ಯಾಯವಾಗಿ ದುಡಿದದ್ದಾದರೂ ಕಾನೂನಿನ ಕಣ್ಣಿಗೆ ಅಪರಾಧವೇ.

ಬಂದೂಕಿಗೆ ಬಂದೂಕಿನಿಂದ ಉತ್ತರಿಸುವುದು ಸರ್ಕಾರದ ಕೆಲಸ. ಅದಕ್ಕೆ ಹಣ ಹರಿಯುವ ಕಾಲುವೆ ನಮ್ಮ ಪೇಟೆಯ ಮೂಲಕ ಹಾಯದಂತೆ ನೋಡಿಕೊಳ್ಳುವುದು ನಮ್ಮ ಕೆಲಸ. ನೆಟ್ಟಗೆ ಬರೆದ ಲೆಕ್ಕದ ಪುಸ್ತಕ ತೆರಿಗೆಯವರಿಗಾಗಿ ಮಾತ್ರವಲ್ಲ, ನಮ್ಮ ನೆಮ್ಮದಿಗಾಗಿಯೂ ಇದೆ.