ಅಂಚೆಯಲ್ಲಿ ಬರುವ ಮೇಷ್ಟ್ರು

ಪಿರಿಯಡ್ ತಪ್ಪಿಸಿ ಕ್ಯಾಂಟೀನಿನಲ್ಲಿ ಕೂತು, ಪರೀಕ್ಷೆ ಹತ್ತಿರ ಬಂದಾಗ ಯಾರದೋ ನೋಟ್ಸಿಗೆ ಕೈಯೊಡ್ಡುವ ನಮ್ಮ ಕಾಲೇಜಿನ ಮಹನೀಯರೆಲ್ಲ ಒಂದರ್ಥದಲ್ಲಿ ದೂರಶಿಕ್ಷಣದ ವಿದ್ಯಾರ್ಥಿಗಳೇ! ಆದರೆ ಇವರು ಬೇಕೆಂದಾಗ ಸ್ಟಾಫ್ ರೂಮಿನ ಬಾಗಿಲಿಗೆ ಬಂದು, 'ಸಾರ್, ಇದೊಂದು ಅರ್ಥ ಆಗ್ಲಿಲ್ಲ' ಅನ್ನಬಹುದು. ನಿಜವಾದ ದೂರಶಿಕ್ಷಣದವನಿಗೆ ಆ ಬಾಗಿಲೇ ಇಲ್ಲ. ಅಂಥವನಿಗಾಗಿ ಪದವಿ ಪಾಠ ಕಟ್ಟುವುದು ಹೇಗೆ ಎಂಬುದನ್ನು ನಾನು ಪೆಟ್ಟು ತಿಂದೇ ಕಲಿತೆ.

ಕೆಲವು ವರ್ಷಗಳ ಹಿಂದೆ ಒಂದು ವಿಶ್ವವಿದ್ಯಾಲಯದವರು ಬಿ.ಎ. ಕನ್ನಡಕ್ಕೆ ರಗಳೆಯ ಬಗ್ಗೆ ಒಂದು ಘಟಕ ಬರೆದುಕೊಡಿ ಅಂದರು. ವರ್ಷವರ್ಷವೂ ಹೇಳಿದ ಪಾಠ, ಅದಕ್ಕೇನಂತೆ ಅಂತ ಒಂದೇ ವಾರದಲ್ಲಿ 40 ಪುಟ ಗೀಚಿ ಕಳಿಸಿದೆ. ಸಂಪಾದಕರು ಅದನ್ನು ಹಾಗೇ ಹಿಂದಕ್ಕೆ ಕಳಿಸಿದರು. ನಾನು 'ಇದು ಸುಲಭವಾಗಿ ತಿಳಿಯುತ್ತದೆ' ಎಂದು ಬರೆದ ಕಡೆ ಕೆಂಪು ಶಾಯಿಯಲ್ಲಿ 'ಯಾರಿಗೆ?' 'ಹಿಂದೆ ಹೇಳಿದಂತೆ' ಎಂದ ಕಡೆ 'ಯಾವಾಗ ಹೇಳಿದಿರಿ?' ಎರಡು ದಿನ ಸಿಟ್ಟು ಇಳಿಯಲಿಲ್ಲ. ಮೂರನೆಯ ದಿನ ಓದಿ ನೋಡಿದರೆ ಅವರ ಮಾತೇ ಸರಿ. ತರಗತಿಯಲ್ಲಿ ನನ್ನ ಅರ್ಧ ಪಾಠವನ್ನು ಹೇಳುತ್ತಿದ್ದುದು ಹುಡುಗರ ಮುಖ. ಮುಖ ಬಾಡಿದರೆ ಮತ್ತೊಂದು ಉದಾಹರಣೆ, ಅರಳಿದರೆ ಮುಂದಕ್ಕೆ. ಕಾಗದಕ್ಕೆ ಆ ಮುಖ ಕಾಣಿಸುವುದಿಲ್ಲ.

ಅಂಚೆ ಶಿಕ್ಷಣ ನಮಗೆ ಹೊಸತಲ್ಲ. ದಿಲ್ಲಿ ವಿಶ್ವವಿದ್ಯಾಲಯ 1962ರಲ್ಲಿ ಶುರುಮಾಡಿತು, ಮೈಸೂರು ವಿಶ್ವವಿದ್ಯಾಲಯ 1969ರಲ್ಲಿ. ಮೈಸೂರಿನ ಆ ಅಂಚೆ ಮತ್ತು ತೆರಪಿನ ಶಿಕ್ಷಣ ಸಂಸ್ಥೆಯೇ 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯವಾಯಿತು. 'ತೆರಪು' ಎಂಬ ಮಾತು ನನಗೆ ಬಹಳ ಇಷ್ಟ. ದುಡಿಯುವವನ ಬಿಡುವನ್ನೆಲ್ಲ ಅದೊಂದೇ ಹೇಳಿಬಿಡುತ್ತದೆ. ಆದರೆ ತರಗತಿಯ ನೋಟ್ಸನ್ನೇ ಲಕೋಟೆಗೆ ತುಂಬಿ ಕಳಿಸಿದರೆ ದೂರಶಿಕ್ಷಣವಾಗುವುದಿಲ್ಲ. ಇದನ್ನು ದೊಡ್ಡದಾಗಿ ಮಾಡಿ ತೋರಿಸಿದ್ದು 1969ರಲ್ಲಿ ಸ್ಥಾಪನೆಯಾಗಿ 1971ರಲ್ಲಿ ಪಾಠ ಆರಂಭಿಸಿದ ಬ್ರಿಟನ್ನಿನ ಓಪನ್ ಯೂನಿವರ್ಸಿಟಿ. ಅಲ್ಲಿ ಪಾಠ ಒಬ್ಬ ಪಂಡಿತನ ಸೊತ್ತಲ್ಲ. ವಿಷಯ ಬಲ್ಲವರು, ಸಂಪಾದಕರು, ಬಿ.ಬಿ.ಸಿ.ಯ ನಿರ್ಮಾಪಕರು ಒಂದೇ ಮೇಜಿನ ಸುತ್ತ ಕೂತು, ಒಬ್ಬರ ಕರಡನ್ನು ಇನ್ನೊಬ್ಬರು ಹರಿದು ಹಾಕಿ, ಕೋರ್ಸು ಕಟ್ಟುತ್ತಿದ್ದರು. ನಮ್ಮಲ್ಲಿ 1982ರಲ್ಲಿ ಹೈದರಾಬಾದಿನಲ್ಲೂ, 1985ರಲ್ಲಿ ದಿಲ್ಲಿಯಲ್ಲೂ ಮುಕ್ತ ವಿಶ್ವವಿದ್ಯಾಲಯಗಳು ಬಂದವು. ಎರಡಕ್ಕೂ ಮೊದಲ ಕುಲಪತಿ ಜಿ. ರಾಮ್ ರೆಡ್ಡಿಯವರೇ.

ಇನ್ನು ಲೆಕ್ಕ. ದಿಲ್ಲಿಯ ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾಲಯದ ಹಳೆಯ ಬಿ.ಎ.ಗೆ 96 ಕ್ರೆಡಿಟ್. ಒಂದು ಕ್ರೆಡಿಟ್ ಅಂದರೆ 30 ಗಂಟೆಯ ಓದು. ಮೂರು ವರ್ಷದಲ್ಲಿ ಮುಗಿಸಬೇಕಾದರೆ ವರ್ಷಕ್ಕೆ 960 ಗಂಟೆ, ಅಂದರೆ ಭಾನುವಾರವೂ ಸೇರಿ ದಿನಕ್ಕೆ ಎರಡೂವರೆ ಗಂಟೆಗೂ ಮೇಲೆ. ರಾತ್ರಿ ಹನ್ನೊಂದಕ್ಕೆ ಶಟರ್ ಎಳೆಯುವ ಹೋಟೆಲಿನ ಹುಡುಗ ಅದನ್ನು ಎಲ್ಲಿಂದ ತರಬೇಕು? ಹಾಗಾಗಿಯೇ ಅವರು ಆರು ವರ್ಷದವರೆಗೆ ಅವಕಾಶ ಇಟ್ಟಿದ್ದರು. ಪಠ್ಯದಲ್ಲಿ ಏನನ್ನು ಸೇರಿಸಬೇಕು ಅನ್ನುವುದಕ್ಕಿಂತ ಏನನ್ನು ಬಿಡಬೇಕು ಅನ್ನುವುದು ಇಲ್ಲಿ ಹೆಚ್ಚು ಕಷ್ಟ. ನನ್ನ ಘಟಕದಿಂದ ಹರಿಹರನ ಕಾಲವಿಚಾರದ ಹನ್ನೊಂದು ಪುಟ ಹಾರಿಹೋಯಿತು. ಆಗ ಹೊಟ್ಟೆ ಉರಿದದ್ದು ನಿಜ.

ಉಳಿದದ್ದನ್ನು ಹೊಸದಾಗಿ ಬರೆದೆ. ಉತ್ಸಾಹ, ಮಂದಾನಿಲ, ಲಲಿತ: ಸಾಲಿಗೆ ನಾಲ್ಕು ಗಣ, ಗಣಕ್ಕೆ ಕ್ರಮವಾಗಿ 3, 4, 5 ಮಾತ್ರೆ. ತರಗತಿಯಲ್ಲಾದರೆ ಮೇಜು ಕುಟ್ಟಿ ತೋರಿಸುತ್ತೇನೆ. ಕಾಗದದಲ್ಲಿ ಕುಟ್ಟುವುದು ಹೇಗೆ? ಎರಡು ಪುಟಕ್ಕೊಮ್ಮೆ ಖಾಲಿ ಗೆರೆ ಬಿಟ್ಟು, 'ನಿಮಗೆ ಗೊತ್ತಿರುವ ಹೆಸರುಗಳನ್ನು ಬರೆದು ಮಾತ್ರೆ ಎಣಿಸಿ' ಅಂದೆ. ನೀವೂ ಲೋಕಲ್ ರೈಲಿನಲ್ಲಿ ನೋಡಬಹುದು: ಠಾಣೆ ಮೂರು ಮಾತ್ರೆ, ಕುರ್ಲಾ ನಾಲ್ಕು. ಉತ್ತರವನ್ನು ಘಟಕದ ಕೊನೆಯಲ್ಲಿ ಕೊಟ್ಟೆ, ಪಕ್ಕದಲ್ಲೇ ಅಲ್ಲ. ಪಕ್ಕದಲ್ಲಿದ್ದರೆ ಯಾರು ಎಣಿಸುತ್ತಾರೆ, ನಾನೂ ಎಣಿಸುವುದಿಲ್ಲ.

ಆದರೆ ಪುಸ್ತಕ ಎಷ್ಟು ಚೆನ್ನಾಗಿದ್ದರೂ ಅದು ಒಂದೇ ಕಡೆಯ ಮಾತು. ವಿದ್ಯಾರ್ಥಿಯ ಮಾತು ನಮಗೆ ಕೇಳಿಸುವುದು ಅವನು ಬರೆದು ಕಳಿಸುವ ಅಸೈನ್‌ಮೆಂಟಿನಲ್ಲಿ. ದಿಲ್ಲಿಯವರು ಅದಕ್ಕೆ ನೂರಕ್ಕೆ 30 ಅಂಕ ಇಟ್ಟಿದ್ದರು. ಅಂಕ ಮುಖ್ಯವಲ್ಲ, ಮಾರ್ಜಿನ್ನಿನಲ್ಲಿ ನಾವು ಬರೆಯುವ ಎರಡು ಸಾಲು ಮುಖ್ಯ. ಅದು ತಡವಾದರೆ ಇಡೀ ಯೋಜನೆ ಬಿದ್ದಂತೆಯೇ. ನಾನು ಬರೆದುಕೊಟ್ಟ ಕಡೆ ಮೊದಲ ವರ್ಷ ಆದದ್ದು ಅದೇ. ಎರಡನೆಯ ಬ್ಲಾಕು ಕೆಲವರ ಕೈಸೇರಿದ್ದು ಪರೀಕ್ಷೆ ಮುಗಿದ ಮೇಲೆ. ತಿದ್ದಿದ ಉತ್ತರಗಳ ಕಟ್ಟು ಕಚೇರಿಯ ಬೀರುವಿನಲ್ಲೇ ಇತ್ತು. ಮರುವರ್ಷ ಅವರಲ್ಲಿ ಎಷ್ಟೋ ಜನ ಫೀಸು ಕಟ್ಟಲಿಲ್ಲ. ಕೆಂಪು ಶಾಯಿಯ ಆ ಸಂಪಾದಕರು ಜಗಳವಾಡಿ, ತಿದ್ದಿದವರೇ ನೇರವಾಗಿ ಅಂಚೆಗೆ ಹಾಕಲಿ ಎಂಬ ಏರ್ಪಾಡು ಮಾಡಿಸಿದರು.

ಹಾಗೆ ನನ್ನ ಮನೆಗೇ ಬಂದ ಮೊದಲ ಕಟ್ಟಿನಲ್ಲಿ ಮಾಟುಂಗಾದ ಹೋಟೆಲೊಂದರ ಗಲ್ಲಾದಲ್ಲಿ ಕೂರುವವರ ಉತ್ತರವಿತ್ತು. ಬಿಲ್ಲಿನ ಕಾಗದದಂತೆ ಉದ್ದುದ್ದ ಬರೆದಿದ್ದರು. ಕೊನೆಗೆ ಒಂದು ಪ್ರಶ್ನೆ: 'ಸಾರ್, ಇಡ್ಲಿವಡೆ ಐದು ಮಾತ್ರೆ ಆಯ್ತು. ಲಲಿತ ರಗಳೆಗೆ ನಡೆಯುತ್ತದೋ?' ನಾನು ಎರಡು ಸಲ ಎಣಿಸಿ ನೋಡಿ, ಪಕ್ಕದಲ್ಲಿ ಬರೆದೆ: 'ಧಾರಾಳವಾಗಿ. ಸಾಲು ತುಂಬಲು ಇನ್ನು ಮೂರು ಗಣ ಬೇಕು, ಕಳಿಸಿಕೊಡಿ.'