೨೦೧ ಅಂಕಗಳ ಮಹಾಸಂಖ್ಯೆ

೧೯೭೭ರಲ್ಲಿ ಅಮೆರಿಕದ ಸದರ್ನ್ ಮೆಥಡಿಸ್ಟ್ ವಿಶ್ವವಿದ್ಯಾನಿಲಯದಲ್ಲಿ ಬೆಂಗಳೂರಿನ ಶಕುಂತಲಾದೇವಿಯವರ ಮುಂದೆ ೨೦೧ ಅಂಕಗಳ ಸಂಖ್ಯೆಯೊಂದನ್ನಿಟ್ಟು, ಅದರ ಇಪ್ಪತ್ತಮೂರನೆಯ ಮೂಲವೆಷ್ಟೆಂದು ಕೇಳಲಾಯಿತು. ಅಂದರೆ, ಯಾವ ಸಂಖ್ಯೆಯನ್ನು ಇಪ್ಪತ್ತಮೂರು ಸಲ ಬರೆದು ಒಂದಕ್ಕೊಂದು ಗುಣಿಸಿದರೆ ಈ ಮಹಾಸಂಖ್ಯೆ ದೊರೆತೀತು? ೫೦ ಸೆಕೆಂಡುಗಳಲ್ಲಿ ಉತ್ತರ ಬಂದಿತು: ೫೪,೬೩,೭೨,೮೯೧. ಯುನಿವ್ಯಾಕ್ ಗಣಕಯಂತ್ರಕ್ಕೆ ಹಿಡಿದದ್ದು ೬೨ ಸೆಕೆಂಡು.

ಸರ್ಕಸ್ ಕಲಾವಿದರೊಬ್ಬರ ಮಗಳಾಗಿ ೧೯೨೯ರಲ್ಲಿ ಹುಟ್ಟಿ, ಶಾಲೆಯಲ್ಲಿ ಕ್ರಮವಾಗಿ ಓದದ ಮಹಿಳೆ ಯಂತ್ರವನ್ನು ಗೆದ್ದರೆಂದು ಬೆರಗಾಗಿ ಸುಮ್ಮನಾಗುವುದು ವಾಡಿಕೆ. ಆದರೆ ನಿಜವಾದ ಸ್ವಾರಸ್ಯವಿರುವುದು ಆ ಸಂಖ್ಯೆಯ ಒಡಲಿನಲ್ಲಿ.

ಅದರ ಮೊದಲೆರಡು ಅಂಕಗಳು ೯೧, ಕೊನೆಯವು ೭೧. (ದೊಮ್ಮಲೂರಿನ ಪಿನ್‌ಕೋಡ್ ೫೬೦೦೭೧ ಮುಗಿಯುವುದೂ ಇವುಗಳಿಂದಲೇ; ಅಲ್ಲಿನ ಮಕ್ಕಳಿಗೆ ನೆನಪಿಡಲು ಸುಲಭ.) ೨೦೧ ಅಂಕಗಳ ಸಂಖ್ಯೆಗೆ ಇಂಥ ಮೂಲವಿದ್ದರೆ ಅದು ಸುಮಾರು ೪೯ ಕೋಟಿ ೬೨ ಲಕ್ಷಕ್ಕೂ ೫೪ ಕೋಟಿ ೮೪ ಲಕ್ಷಕ್ಕೂ ನಡುವೆಯೇ ಇರಬೇಕು. ಆರಂಭ ೯೧ ಎಂದಾದರೆ ಬೇಲಿ ಮತ್ತಷ್ಟು ಕಿರಿದಾಗಿ, ಉತ್ತರದ ಮೊದಲ ಮೂರು ಅಂಕಗಳು ೫೪೬ ಎಂದು ಲಾಗರಿದಮ್ ಕೋಷ್ಟಕ ಬಲ್ಲವರು ಹೇಳಿಯಾರು.

ಕೊನೆಯ ಭಾಗ ಇನ್ನೂ ಸೊಗಸು. ೯೧ನ್ನು ೯೧ರಿಂದಲೇ ಗುಣಿಸಿದರೆ ೮೨೮೧, ಕೊನೆ ೮೧. ಮತ್ತೊಮ್ಮೆ ಗುಣಿಸಿದರೆ ಕೊನೆ ೭೧. ಹೀಗೆ ೬೧, ೫೧ ಎಂದು ಇಳಿದು ಹತ್ತನೆಯ ಘಾತದಲ್ಲಿ ೦೧ ಆಗಿ, ಹನ್ನೊಂದನೆಯದರಲ್ಲಿ ಪುನಃ ೯೧ಕ್ಕೆ ಏರುತ್ತದೆ. ಆದುದರಿಂದ ೩, ೧೩, ೨೩ನೆಯ ಘಾತಗಳೆಲ್ಲವೂ ೭೧ರಲ್ಲಿಯೇ ಮುಗಿಯುತ್ತವೆ. ೯೧ರ ಹೊರತು ಬೇರಾವ ಎರಡಂಕದ ಕೊನೆಯೂ ಇಪ್ಪತ್ತಮೂರನೆಯ ಘಾತದಲ್ಲಿ ೭೧ ಆಗಲಾರದು.

ತಲೆ ಸಿಕ್ಕಿತು, ಬಾಲ ಸಿಕ್ಕಿತು. ನಡುವಣ ೩೭೨೮? ಅಲ್ಲಿ ಸಾವಿರಾರು ಸಾಧ್ಯತೆಗಳುಂಟು. ಶಕುಂತಲಾದೇವಿಯವರ ಪ್ರತಿಭೆಯನ್ನು ಅಳೆಯಬೇಕಾದುದು ಅಲ್ಲಿಯೇ.

ಉತ್ತರವನ್ನೂ ಸ್ವಲ್ಪ ದಿಟ್ಟಿಸಿ ನೋಡಬೇಕು. ಒಂದರಿಂದ ಒಂಬತ್ತರವರೆಗಿನ ಅಂಕಗಳೆಲ್ಲವೂ ಅದರಲ್ಲಿ ಒಂದೊಂದೇ ಸಲ ಬಂದಿವೆ. ಮೊದಲು ೫, ಬಳಿಕ ೪-೬, ೩-೭, ೨-೮, ೯-೧ ಎಂಬ ಜೋಡಿಗಳು, ಪ್ರತಿಯೊಂದು ಜೋಡಿಯ ಮೊತ್ತವೂ ಹತ್ತು. ಇದು ಆಕಸ್ಮಿಕವಾಗಿ ಬಂದುದಲ್ಲ, ಪ್ರಶ್ನೆ ಹೂಡಿದವರ ಚಮತ್ಕಾರವೆಂದೇ ತೋರುತ್ತದೆ. ಅಂಕಗಳ ಒಟ್ಟು ಮೊತ್ತ ೪೫ ಆದುದರಿಂದ ಉತ್ತರವನ್ನು ಒಂಬತ್ತು ನಿಶ್ಶೇಷವಾಗಿ ಭಾಗಿಸುತ್ತದೆ. ಮಹಾಸಂಖ್ಯೆಯನ್ನಾದರೋ ಒಂಬತ್ತರಿಂದ ಇಪ್ಪತ್ತಮೂರು ಸಲ ಶೇಷವಿಲ್ಲದೆ ಭಾಗಿಸುತ್ತ ಹೋಗಬಹುದು.

೧೯೮೦ರ ಜೂನ್ ೧೮ರಂದು ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಆಕೆ ಹದಿಮೂರು ಅಂಕಗಳ ಎರಡು ಸಂಖ್ಯೆಗಳನ್ನು ೨೮ ಸೆಕೆಂಡುಗಳಲ್ಲಿ ಗುಣಿಸಿದರು. ಅವುಗಳಲ್ಲೊಂದು ಸೊನ್ನೆಯಿಂದ ಕೊನೆಗೊಳ್ಳುತ್ತಿದ್ದುದರಿಂದ ಗುಣಲಬ್ಧದ ಕೊನೆಯ ಅಂಕವನ್ನು ಯಾವ ಮನೆಯ ಮಗುವಾದರೂ ಹೇಳಬಹುದಿತ್ತು. ಉಳಿದ ಇಪ್ಪತ್ತೈದು ಅಂಕಗಳ ಮಾತು ಬೇರೆ.