ಕೋಡಿ ಬಿದ್ದ ಮೇಲಿನ ಲೆಕ್ಕ

ಮಾರಿಕಣಿವೆಯ ವಾಣಿವಿಲಾಸ ಸಾಗರವು 1933ರ ತರುವಾಯ 2022ರ ಸೆಪ್ಟೆಂಬರಿನಲ್ಲಿ ಕೋಡಿ ಬಿದ್ದಾಗ ಹಿರಿಯೂರು ಸೀಮೆಯ ಜನ ಹಿಗ್ಗಿದರು. ಬರವನ್ನೇ ಉಂಡ ನಾಡಿಗೆ ಅದು ಸಹಜವೇ. ಆದರೆ ಕೆಳಗಡೆ ವೇದಾವತಿಯ ಇಕ್ಕೆಲದ ತಗ್ಗಿನಲ್ಲಿದ್ದವರಿಗೆ ನೀರು ನುಗ್ಗಿತು. ಮೇಲ್ಗಡೆ ಹೊಸದುರ್ಗ ತಾಲ್ಲೂಕಿನಲ್ಲಿ ಹಿನ್ನೀರು ಹೊಲ-ತೋಟಗಳನ್ನು ನುಂಗಿತು.

ಇಂತಹ ಹಾನಿಯ ಅಂದಾಜನ್ನು ಮಳೆ ನಿಂತ ಮರುದಿನವೇ ಮುಗಿಸುವುದು ಸಲ್ಲದು. ನೆನೆದಾಗ ನಿಂತಿದ್ದ ಮಣ್ಣಿನ ಗೋಡೆಯು ಬಿಸಿಲಿಗೆ ಒಣಗುವಾಗ ಬಿರಿದು ಕುಸಿಯುವುದುಂಟು. ಚಿತ್ರದುರ್ಗ, ಹೊಳಲ್ಕೆರೆಗಳ ಹಳ್ಳಿಗಳಲ್ಲಿ ಅಂತಹ ಮನೆಗಳು ಇನ್ನೂ ಇವೆ. ಮಹಜರು ಬರೆದುಹೋದ ಮೇಲೆ ಬಿದ್ದ ಗೋಡೆಗೆ ಪರಿಹಾರವನ್ನು ಯಾರಲ್ಲಿ ಕೇಳಬೇಕು? ವಾರ ಕಳೆದು ಮತ್ತೊಮ್ಮೆ ನೋಡುವ ಕ್ರಮವು ಅವಶ್ಯ.

ಕೆರೆಯ ಏರಿಯ ಪರೀಕ್ಷೆಯೂ ಹೀಗೆಯೇ. ಬುಡದಲ್ಲಿ ಜಿನುಗುವ ನೀರು ತಿಳಿಯಾಗಿದ್ದರೆ ಭಯ ಕಡಿಮೆ. ಕದಡಿ ಬಂದರೆ ಒಳಗಿನ ಮಣ್ಣು ಕೊಚ್ಚಿಹೋಗುತ್ತಿದೆಯೆಂದೇ ತಿಳಿಯಬೇಕು. ಹಿಂದಿನ ನೀರುಗಂಟಿಗಳು ಇದನ್ನು ಬರಿಗಣ್ಣಿನಿಂದ ಬಲ್ಲವರಾಗಿದ್ದರು. ಮಾರಿಕಣಿವೆಯದು 1907ರಲ್ಲಿ ಪೂರ್ಣಗೊಂಡ ಕಲ್ಲುಕಟ್ಟಡದ ಅಣೆ. ಅದನ್ನು ನೋಡಿಕೊಳ್ಳಲು ಇಂಜಿನಿಯರುಗಳಿದ್ದಾರೆ. ಊರ ಕೆರೆಗೆ ಊರವರೇ ಗತಿ. ಕೋಡಿ ನೋಡಲು ಹೋದ ಬಂಧುಗಳು ಏರಿಯ ಹಿಂಬದಿಗೂ ಇಳಿದು ನೋಡಲಿ. ಕೆನ್ನೀರು ಕಂಡರೆ ಅಂದೇ ಪಂಚಾಯಿತಿಗೆ ಬರೆದು ತಿಳಿಸಲಿ.